ಎಂ.ಎಸ್ಸಿ. ಬಯೋಟೆಕ್ನಾಲಜಿ ಪ್ರಾಜೆಕ್ಟ್: ಮಕ್ಕಳೂ ಮನೆಯವರೂ ತಿಳಿದಿರಬೇಕಾದದ್ದು

ಸಂಘದ ಸದಸ್ಯರೊಬ್ಬರು ಕಳೆದ ಏಪ್ರಿಲಿನಲ್ಲಿ ನಮ್ಮನ್ನು ದಾರಿಯಲ್ಲಿ ನಿಲ್ಲಿಸಿ ಕೇಳಿದರು: "ಮಗಳ ಪ್ರಾಜೆಕ್ಟು ಇನ್ನೂ ಮುಗಿಯಲಿಲ್ಲ. ಭಾನುವಾರವೂ ಲ್ಯಾಬಿಗೆ ಹೋಗುತ್ತಾಳೆ. ಇದು ಎಂತ ಪರೀಕ್ಷೆ ಮಾರಾಯ್ರೆ?" ನಮಗೂ ಆಗ ಉತ್ತರ ಗೊತ್ತಿರಲಿಲ್ಲ. ಆಮೇಲೆ ಆ ಹುಡುಗಿಯನ್ನೂ ಪರಿಚಯದ ಅಧ್ಯಾಪಕರನ್ನೂ ಕೇಳಿ ತಿಳಿದುಕೊಂಡೆವು. ಈ ವರ್ಷ ಇನ್ನೂ ಕೆಲವು ಮನೆಗಳ ಮಕ್ಕಳು ಅದೇ ಹಂತಕ್ಕೆ ಬರುತ್ತಿರುವುದರಿಂದ ಇಲ್ಲಿ ಬರೆಯುತ್ತಿದ್ದೇವೆ.

ಎಂ.ಎಸ್ಸಿ. ಎರಡು ವರ್ಷ, ನಾಲ್ಕು ಸೆಮಿಸ್ಟರ್. ಹೆಚ್ಚಿನ ಕಡೆ ಕೊನೆಯ ಸೆಮಿಸ್ಟರಿನಲ್ಲಿ ವಿದ್ಯಾರ್ಥಿ ಒಬ್ಬ ಮಾರ್ಗದರ್ಶಕರ ಕೆಳಗೆ ಸ್ವಂತ ಸಂಶೋಧನೆ ಮಾಡಿ ಪ್ರಬಂಧ ಒಪ್ಪಿಸಬೇಕು. ಕೆಲಸ ತಮ್ಮ ಕಾಲೇಜಿನಲ್ಲೇ ಆಗಬಹುದು, ಹೊರಗಿನ ಸಂಸ್ಥೆಯಲ್ಲೂ ಆಗಬಹುದು. ಹೊರಗೆ ಮಾಡುವುದಾದರೆ ಕಾಲೇಜಿನಲ್ಲಿ ಒಬ್ಬರು, ಅಲ್ಲಿ ಒಬ್ಬರು, ಹೀಗೆ ಇಬ್ಬರು ಗೈಡ್ ಇರುತ್ತಾರೆ. ನಮ್ಮ ಕಾಸರಗೋಡಿನವರಿಗೆ ದೂರ ಹೋಗಲೇಬೇಕೆಂದಿಲ್ಲ. 1916ರಲ್ಲಿ ತೆಂಗು ಸಂಶೋಧನಾ ಕೇಂದ್ರವಾಗಿ ಶುರುವಾದ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆ, ನಾವೆಲ್ಲ ಸಿಪಿಸಿಆರ್‌ಐ ಎನ್ನುವುದು, ಇಲ್ಲೇ ಇದೆ. ಪೆರಿಯದಲ್ಲಿ 2009ರಲ್ಲಿ ಸ್ಥಾಪನೆಯಾದ ಕೇಂದ್ರೀಯ ವಿಶ್ವವಿದ್ಯಾಲಯವೂ ಇದೆ. ಎಲ್ಲಿ ಕೇಳುವುದಾದರೂ ವಿಭಾಗದ ಮುಖ್ಯಸ್ಥರ ಪತ್ರ ಬೇಕು, ತಿಂಗಳುಗಳ ಮೊದಲೇ ಕೇಳಬೇಕು. ಲ್ಯಾಬ್ ಬಳಕೆಗೆ ಶುಲ್ಕ ಇದೆಯೇ, ಎಷ್ಟು ಎಂಬುದನ್ನು ಬರವಣಿಗೆಯಲ್ಲೇ ತಿಳಿದುಕೊಳ್ಳುವುದು ಒಳ್ಳೆಯದು.

ಇನ್ನು ವಿಷಯ. ಆ ಹುಡುಗಿ ಆರಿಸಿಕೊಂಡದ್ದು ಅಡಿಕೆಯ ಮಹಾಳಿ, ಅಂದರೆ ಕೊಳೆರೋಗ. 1910ರಷ್ಟು ಹಿಂದೆಯೇ ಮೈಸೂರು ಸಂಸ್ಥಾನದ ಎಲ್. ಸಿ. ಕೋಲ್ಮನ್ ಈ ರೋಗದ ಮೇಲೆ ವರದಿ ಬರೆದಿದ್ದರು. ಇದಕ್ಕೆ ಕಾರಣ ಫೈಟೊಫ್ತೊರಾ ಎಂಬ ಸೂಕ್ಷ್ಮಜೀವಿ. ನೋಡಲು ಶಿಲೀಂಧ್ರದಂತೆಯೇ, ಆದರೆ ವಿಜ್ಞಾನಿಗಳು ಅದನ್ನು ಬೇರೆ ಗುಂಪಿಗೆ ಸೇರಿಸುತ್ತಾರೆ. ಮೊದಲು ಅವಳು "ಕೊಳೆರೋಗ ನಿವಾರಣೆ" ಎಂದು ಬರೆದುಕೊಂಡು ಹೋಗಿದ್ದಳಂತೆ. ಗೈಡ್ ನಕ್ಕು, ನೂರು ವರ್ಷದಿಂದ ಆಗದ್ದು ನಿನಗೆ ಐದು ತಿಂಗಳಲ್ಲಿ ಆಗುತ್ತದೆಯೇ ಎಂದರಂತೆ. ಕೊನೆಗೆ ಪ್ರಶ್ನೆ ಒಂದು ಸಾಲಿಗೆ ಇಳಿಯಿತು: ಬೇರೆ ಬೇರೆ ತೋಟಗಳ ಕೊಳೆತ ಕಾಯಿಯಲ್ಲಿರುವುದು ಒಂದೇ ಪ್ರಭೇದವೋ, ಬೇರೆ ಬೇರೆಯೋ? ಅಷ್ಟೇ. ಅಷ್ಟಾದರೆ ಸಾಕು ಎಂಬುದು ನಮಗೂ ಹೊಸ ಸಂಗತಿ.

ಇಲ್ಲೊಂದು ತೊಡಕು ಇತ್ತು. ಮಹಾಳಿ ಬರುವುದು ಮಳೆಗಾಲದಲ್ಲಿ, ಕೊನೆಯ ಸೆಮಿಸ್ಟರ್ ಇರುವುದು ಬೇಸಗೆಯಲ್ಲಿ. ಜನವರಿಯಲ್ಲಿ ಗೈಡನ್ನು ಕಂಡರೆ ಕೊಳೆತ ಕಾಯಿ ಎಲ್ಲಿಂದ ಬರಬೇಕು? ಅವಳು ಜುಲೈಯಲ್ಲೇ ಕೇಳಿದ್ದರಿಂದ ಹನ್ನೆರಡು ತೋಟಗಳಿಂದ ಕಾಯಿ ಹೆಕ್ಕಿ, ಸೂಕ್ಷ್ಮಜೀವಿಯನ್ನು ಬೇರ್ಪಡಿಸಿ, ಕ್ಯಾರೆಟ್ ರಸ ಹಾಕಿದ ಅಗರ್ ತಟ್ಟೆಗಳಲ್ಲಿ ಬೆಳೆಸಿ ಇಟ್ಟುಕೊಳ್ಳಲು ಆಯಿತು. ಅದನ್ನು ಆಗಾಗ ಹೊಸ ತಟ್ಟೆಗೆ ದಾಟಿಸುತ್ತಿರಬೇಕು, ಇಲ್ಲದಿದ್ದರೆ ಸಾಯುತ್ತದೆ. ಭಾನುವಾರ ಲ್ಯಾಬಿಗೆ ಹೋಗುತ್ತಿದ್ದುದರ ಗುಟ್ಟು ಇದು. ದನ ಕಟ್ಟಿದ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬೆಳೆದ ಜೀವಿಯಿಂದ ಡಿಎನ್‌ಎ ತೆಗೆದು, ಅದರ ಒಂದು ತುಣುಕನ್ನು ಪಿಸಿಆರ್ ಯಂತ್ರದಲ್ಲಿ ಲಕ್ಷಾಂತರ ಪಟ್ಟು ಹೆಚ್ಚಿಸುತ್ತಾರೆ. ಯಂತ್ರ ಕೊಳವೆಗಳನ್ನು ಸುಮಾರು 95 ಡಿಗ್ರಿಗೆ ಬಿಸಿ ಮಾಡುತ್ತದೆ, 55ರ ಆಸುಪಾಸಿಗೆ ಇಳಿಸುತ್ತದೆ, ಮತ್ತೆ 72ಕ್ಕೆ ಏರಿಸುತ್ತದೆ. ಹೀಗೆ 30-35 ಸುತ್ತು. ಬಂದದ್ದನ್ನು ಜೆಲ್ ಮೇಲೆ ಓಡಿಸಿದರೆ ಬೆಳಕಿನ ಪಟ್ಟಿ ಕಾಣುತ್ತದೆ. ಪ್ರತಿ ಸಲವೂ ಒಂದು ಕೊಳವೆಗೆ ಡಿಎನ್‌ಎ ಬದಲು ಬರೀ ನೀರು ಹಾಕುವುದು ನಿಯಮ. ಅದರಲ್ಲಿ ಏನೂ ಕಾಣಬಾರದು.

ಮಾರ್ಚಿನಲ್ಲಿ ಆ ನೀರಿನ ಕೊಳವೆಯಲ್ಲೂ ಪಟ್ಟಿ ಬಂತು. ಎಲ್ಲಿಂದಲೋ ಡಿಎನ್‌ಎ ಸೇರಿಕೊಂಡಿದೆ ಎಂದು ಅರ್ಥ. ಹಾಗಿದ್ದರೆ ಉಳಿದ ಹನ್ನೆರಡು ಪಟ್ಟಿಗಳನ್ನೂ ನಂಬುವಂತಿಲ್ಲ. ಒಪ್ಪಿಸಲು ಆರು ವಾರ ಉಳಿದಿತ್ತು. ಜೊತೆಗಿದ್ದವರೊಬ್ಬರು, ಫೋಟೋದಲ್ಲಿ ಆ ಒಂದು ಸಾಲು ಕತ್ತರಿಸಿದರೆ ಯಾರಿಗೂ ತಿಳಿಯುವುದಿಲ್ಲ ಎಂದರಂತೆ. ಅವಳು ಒಂದು ರಾತ್ರಿ ನಿದ್ದೆಗೆಟ್ಟು, ಬೆಳಿಗ್ಗೆ ಗೈಡಿನ ಮುಂದೆ ಫೋಟೋ ಇಟ್ಟಳು. ಅವರು ಬೈಯಲಿಲ್ಲ. ದ್ರಾವಣಗಳನ್ನೆಲ್ಲ ಚೆಲ್ಲಿಸಿ, ಪಿಪೆಟ್ ಒರೆಸಿಸಿ, ಹೊಸದಾಗಿ ಶುರು ಮಾಡಿಸಿದರು. ಮೂರು ವಾರ ಹೋಯಿತು. ಹನ್ನೆರಡರಲ್ಲಿ ಏಳಕ್ಕೆ ಮಾತ್ರ ಸ್ಪಷ್ಟ ಫಲಿತಾಂಶ ಬಂತು. ಪ್ರಬಂಧದಲ್ಲಿ ಏಳು ಎಂದೇ ಬರೆದಳು, ಐದು ಯಾಕೆ ಬರಲಿಲ್ಲ ಎಂಬುದನ್ನೂ ಬರೆದಳು. ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರು ಹೆಚ್ಚು ಹೊತ್ತು ಕೇಳಿದ್ದು ಆ ಐದರ ಬಗ್ಗೆಯೇ.

ಲ್ಯಾಬಿನ ಪುಸ್ತಕದ ಬಗ್ಗೆ ಕೇಳಿದಾಗ ನಮಗೆ ಖುಷಿಯಾಯಿತು. ಪುಟಕ್ಕೆ ನಂಬರ್, ದಿನಾಂಕ, ತಪ್ಪಿದರೆ ಒಂದೇ ಗೆರೆ ಎಳೆದು ಸಹಿ, ವೈಟ್ನರ್ ಹಚ್ಚುವಂತಿಲ್ಲ. ಮೂವತ್ತು ವರ್ಷ ಕಚೇರಿಯಲ್ಲಿ ರಿಜಿಸ್ಟರ್ ಬರೆದ ನಮಗೆ ವಿಜ್ಞಾನದಲ್ಲಿ ಅರ್ಥವಾದ ಭಾಗ ಅದೊಂದೇ.

ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಇಂಗ್ಲಿಷಿನಲ್ಲಿ ಪ್ರಬಂಧ ಬರೆಯುವ ಹೆದರಿಕೆ ಇರುತ್ತದೆ. ಆಗ ಬೇರೆಯವರ ಸಾಲುಗಳನ್ನು ಎತ್ತಿಕೊಳ್ಳುವ ಆಸೆ ಬರುತ್ತದೆ. ಯುಜಿಸಿಯ 2018ರ ನಿಯಮದಂತೆ ಸಾಮ್ಯ ಶೇ. 10ರವರೆಗೆ ಇದ್ದರೆ ತೊಂದರೆಯಿಲ್ಲ, ಶೇ. 10 ದಾಟಿ 40ರೊಳಗೆ ಇದ್ದರೆ ತಿದ್ದಿ ಮತ್ತೆ ಒಪ್ಪಿಸಬೇಕು, ಶೇ. 60 ದಾಟಿದರೆ ನೋಂದಣಿಯೇ ರದ್ದಾಗುತ್ತದೆ. ಈ ಹುಡುಗಿ ಮೊದಲು ಕನ್ನಡದಲ್ಲಿ ಬರೆದುಕೊಂಡು, ಆಮೇಲೆ ಸಣ್ಣ ಸಣ್ಣ ವಾಕ್ಯಗಳಲ್ಲಿ ಇಂಗ್ಲಿಷಿಗೆ ತಂದಳು. ಗೈಡ್ ನಾಲ್ಕು ಸಲ ತಿದ್ದಿದರು. ದುಡ್ಡಿಗೆ ತಯಾರಾದ ಪ್ರಾಜೆಕ್ಟ್ ಕೊಡುವವರೂ ಇದ್ದಾರೆ ಎಂದು ಕೇಳಿದ್ದೇವೆ. ಹೆತ್ತವರು ದಯವಿಟ್ಟು ಆ ದಾರಿ ತೋರಿಸಬೇಡಿ.

ತೋಟವಿರುವ ಸದಸ್ಯರಲ್ಲಿ ಒಂದು ವಿನಂತಿ. ಈ ಮಳೆಗಾಲ ಮಕ್ಕಳು ಕೊಳೆತ ಕಾಯಿ ಕೇಳಿಕೊಂಡು ಬಂದರೆ ಕೊಡಿ. ಮದ್ದು ಬಿಟ್ಟದ್ದು ಯಾವ ದಿನ, ಎಷ್ಟು ಸಲ ಎಂಬುದನ್ನು ಇದ್ದ ಹಾಗೆಯೇ ಹೇಳಿ. ಮರೆತಿದ್ದರೆ ಮರೆತಿದೆ ಎನ್ನಿ. ಅವರು ಅದನ್ನೂ ಬರೆದುಕೊಳ್ಳುತ್ತಾರೆ.