ತಮಾಷೆ ರೆಕಾರ್ಡ್‌ಗಳನ್ನ ಯಾಕೆ ಗಂಭೀರವಾಗಿ ಕೇಳಬೇಕು?

ರಾಕ್ ಅಂಡ್ ರೋಲ್ ಅಂದ ಕೂಡಲೇ ನಮಗೆ ಎಲ್ವಿಸ್ ಪ್ರೀಸ್ಲಿ, ಚಕ್ ಬೆರಿ ನೆನಪಾಗ್ತಾರೆ. ಆದರೆ 1956ರಿಂದ 1958ರ ಹೊತ್ತಿಗೆ ಅಮೆರಿಕದಲ್ಲಿ ಅದೇ ಏಳು ಇಂಚಿನ 45 ಆರ್‌ಪಿಎಂ ರೆಕಾರ್ಡ್‌ಗಳಲ್ಲಿ ಇನ್ನೊಂದು ಜಾತಿಯ ಹಾಡುಗಳೂ ಭರ್ಜರಿಯಾಗಿ ಮಾರಾಟವಾದವು. ಹಾರುವ ತಟ್ಟೆ, ಮಾಟಗಾರ, ಕೀಚಲು ದನಿಯ ಅಳಿಲುಗಳು, ಹೀಗೆ. ಇವಕ್ಕೆ ನಾವೆಲ್ಟಿ ರೆಕಾರ್ಡ್ ಅಂತ ಹೆಸರು. ನಮ್ಮ ಮಾತಲ್ಲಿ ತಮಾಷೆ ರೆಕಾರ್ಡ್ ಅನ್ನೋಣ.

ಒಂದು ಸಲ ನಕ್ಕು ಮರೆಯೋ ಹಾಡು ಇವು ಅಂತ ಜನ ತಿಳಿದಿದ್ದರು. ನನಗೆ ಹಾಗೆ ಅನ್ನಿಸೋದಿಲ್ಲ. ಸ್ಟುಡಿಯೋದಲ್ಲಿ ಇವತ್ತು ನಾವು ದೊಡ್ಡ ಕಲೆ ಅಂತ ಕರೆಯೋ ಎಷ್ಟೋ ಕೆಲಸವನ್ನ ಮೊದಲು ಧೈರ್ಯವಾಗಿ ಮಾಡಿದವರಲ್ಲಿ ಈ ತಮಾಷೆಯವರು ಇದ್ದಾರೆ. ಎರಡು ಉದಾಹರಣೆ ಕೊಡ್ತೀನಿ.

ಮೊದಲನೇದು 1956ರ ‘ದಿ ಫ್ಲೈಯಿಂಗ್ ಸಾಸರ್’. ಮಾಡಿದವರು ಬಿಲ್ ಬ್ಯುಕಾನನ್ ಮತ್ತು ಡಿಕಿ ಗುಡ್‌ಮನ್. ಹಾರುವ ತಟ್ಟೆ ಭೂಮಿಗಿಳಿದಿದೆ ಅಂತ ರೇಡಿಯೋ ವಾರ್ತೆಯ ಧಾಟಿಯಲ್ಲಿ ಒಬ್ಬ ವರದಿಗಾರ ಗಾಬರಿಯಿಂದ ಹೇಳ್ತಾನೆ. ಎದುರು ಸಿಕ್ಕವರನ್ನ ಪ್ರಶ್ನೆ ಕೇಳ್ತಾನೆ. ಉತ್ತರ ಕೊಡೋದು ಮನುಷ್ಯರಲ್ಲ, ಆ ವರ್ಷಗಳ ಹಿಟ್ ಹಾಡುಗಳ ತುಣುಕುಗಳು! ಎಲ್ವಿಸ್, ಲಿಟಲ್ ರಿಚರ್ಡ್, ಫ್ಯಾಟ್ಸ್ ಡಾಮಿನೋ, ಪ್ಲ್ಯಾಟರ್ಸ್, ಎಲ್ಲರ ದನಿಯನ್ನೂ ಟೇಪಿನಲ್ಲಿ ಕತ್ತರಿಸಿ ಅಂಟಿಸಿದ್ದರು. ಯಾರ ಅಪ್ಪಣೆಯನ್ನೂ ಕೇಳಿರಲಿಲ್ಲ. ರೆಕಾರ್ಡ್ ಬಿಲ್‌ಬೋರ್ಡ್ ಪಟ್ಟಿಯಲ್ಲಿ 3ನೇ ಸ್ಥಾನಕ್ಕೆ ಏರಿತು.

ಹಕ್ಕುದಾರರು ಸುಮ್ಮನಿರ್ತಾರಾ? ವಿಷಯ ಕೋರ್ಟಿಗೆ ಹೋಯ್ತು. ಇದು ಅಣಕ, ಹೊಸದೇ ಒಂದು ಕೃತಿ ಅಂತ ಹೇಳಿ ನ್ಯಾಯಾಧೀಶರು ಮಾರಾಟ ನಿಲ್ಲಿಸೋಕೆ ಒಪ್ಪಲಿಲ್ಲ. ಇದರ ಮಹತ್ವ ಗೊತ್ತಾಗೋಕೆ 35 ವರ್ಷ ಮುಂದಕ್ಕೆ ಬನ್ನಿ. 1991ರಲ್ಲಿ ರ‍್ಯಾಪ್ ಗಾಯಕ ಬಿಜ್ ಮಾರ್ಕಿ, ಗಿಲ್ಬರ್ಟ್ ಓ’ಸಲಿವನ್ ಅವರ ಹಾಡಿನ ತುಣುಕನ್ನ ಅಪ್ಪಣೆಯಿಲ್ಲದೆ ಬಳಸಿದ್ದಕ್ಕೆ ನ್ಯೂಯಾರ್ಕಿನ ಕೋರ್ಟು ‘ಕದಿಯಬೇಡ’ ಅನ್ನೋ ಬೈಬಲ್ ಆಜ್ಞೆಯಿಂದಲೇ ತೀರ್ಪು ಶುರುಮಾಡಿತು. ಆಮೇಲೆ ಹಿಪ್‌ಹಾಪ್‌ನಲ್ಲಿ ಪ್ರತಿ ತುಣುಕಿಗೂ ಮೊದಲೇ ಪರವಾನಗಿ ಪಡೆಯೋದು ರೂಢಿಯಾಯ್ತು. ಇನ್ನೊಬ್ಬರ ದನಿಯನ್ನ ಕತ್ತರಿಸಿ ಜೋಡಿಸಿದರೆ ಅದು ಕಳ್ಳತನವೋ, ಹೊಸ ಸೃಷ್ಟಿಯೋ? ಇವತ್ತು ಎಐ ದನಿಗಳ ಬಗ್ಗೆ ನಡೀತಿರೋ ಜಗಳಕ್ಕೂ ಇದು ಹತ್ತಿರದ ಪ್ರಶ್ನೆ. ಅದನ್ನ 1956ರಲ್ಲೇ ಎತ್ತಿದ್ದು ಒಂದು ತಮಾಷೆ ರೆಕಾರ್ಡ್.

ಎರಡನೇದು ರಾಸ್ ಬಗ್ಡಸಾರಿಯನ್. ಹಿಚ್‌ಕಾಕ್‌ನ ‘ರಿಯರ್ ವಿಂಡೋ’ ನೋಡಿದ್ದೀರಾ? ಎದುರು ಮನೆಯಲ್ಲಿ ಪಿಯಾನೋ ನುಡಿಸ್ತಾ ಕೂರೋ ಸಂಗೀತಗಾರ ಇದ್ದಾನಲ್ಲ, ಅವರೇ ಇವರು. ಡೇವಿಡ್ ಸೆವಿಲ್ ಅನ್ನೋ ಹೆಸರಲ್ಲಿ 1958ರಲ್ಲಿ ‘ವಿಚ್ ಡಾಕ್ಟರ್’ ಹಾಡನ್ನ ಹೊರತಂದರು. ಉಪಾಯ ಸರಳ. ಟೇಪನ್ನ ಅರ್ಧ ವೇಗದಲ್ಲಿ ಓಡಿಸಿ, ನಿಧಾನವಾಗಿ ಹಾಡಿ ಮುದ್ರಿಸೋದು. ಆಮೇಲೆ ಮಾಮೂಲಿ ವೇಗದಲ್ಲಿ ಕೇಳಿಸೋದು. ವೇಗ ಎರಡರಷ್ಟಾದರೆ ಕಂಪನವೂ ಎರಡರಷ್ಟು. ಅಂದರೆ ಮಧ್ಯಸ್ಥಾಯಿಯ ಷಡ್ಜ ನೇರವಾಗಿ ತಾರಸ್ಥಾಯಿಯ ಷಡ್ಜಕ್ಕೆ ಹೋಗುತ್ತೆ. ಶ್ರುತಿ ಕೆಡೋದಿಲ್ಲ, ದನಿ ಮಾತ್ರ ಪುಟಾಣಿ ಪ್ರಾಣಿಯದ್ದಾಗುತ್ತೆ. ಹಾಡು ಮೊದಲ ಸ್ಥಾನಕ್ಕೆ ಹೋಯ್ತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಅದೇ ಉಪಾಯದ ‘ದಿ ಚಿಪ್‌ಮಂಕ್ ಸಾಂಗ್’ ಕೂಡ ಮೊದಲ ಸ್ಥಾನ ಮುಟ್ಟಿತು. 1959ರ ಮೊಟ್ಟಮೊದಲ ಗ್ರ್ಯಾಮಿ ಸಮಾರಂಭದಲ್ಲಿ ಅದಕ್ಕೆ ಮೂರು ಪ್ರಶಸ್ತಿ ಬಂತು, ಅದರಲ್ಲೊಂದು ಧ್ವನಿಮುದ್ರಣದ ಕೆಲಸಕ್ಕೇ.

ಸರಿ, ಇಷ್ಟು ಹೆಸರು ಮಾಡಿದ ಜಾತಿ ಮರೆಗೆ ಸರಿದದ್ದು ಯಾಕೆ? ಜೋಕ್ ಅನ್ನೋದು ಬೇಗ ಹಳಸುವ ಪದಾರ್ಥ. ‘ಫ್ಲೈಯಿಂಗ್ ಸಾಸರ್’ ಕೇಳಿ ನಗಬೇಕಾದರೆ 1956ರ ಹಿಟ್‌ಗಳು ಕಿವಿಯಲ್ಲಿರಬೇಕು. ಕಾನೂನಿನ ತೊಡಕೂ ಇದೆ. ಅಮೆರಿಕದ 2018ರ ಕಾಯ್ದೆ ಪ್ರಕಾರ 1957ರಿಂದ 1972ರ ಫೆಬ್ರುವರಿ ಮಧ್ಯದ ತನಕದ ಧ್ವನಿಮುದ್ರಣಗಳ ಹಕ್ಕು ಮುಗಿಯೋದು 2067ರಲ್ಲಿ. ಒಂದೇ ರೆಕಾರ್ಡಿನಲ್ಲಿ ಹತ್ತಾರು ಜನರ ತುಣುಕುಗಳಿದ್ದರೆ ಮರುಪ್ರಕಟಣೆ ಇನ್ನೂ ಕಷ್ಟ.

ಹಾಗಾಗಿ ಇವನ್ನ ಉಳಿಸಿದವರಲ್ಲಿ ಹವ್ಯಾಸಿ ಸಂಗ್ರಾಹಕರ ಪಾಲು ದೊಡ್ಡದು. ಅವರಲ್ಲಿ ಪ್ರಸಿದ್ಧರು ಬ್ಯಾರಿ ಹ್ಯಾನ್ಸನ್. ಸಂಗೀತಶಾಸ್ತ್ರ ಓದಿದವರು. 1970ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದ ರೇಡಿಯೋದಲ್ಲಿ ‘ಟ್ರಾನ್ಸ್‌ಫ್ಯೂಷನ್’ ಅನ್ನೋ 1956ರ ಹಾಡು ಹಾಕಿದರು. ನರ್ವಸ್ ನಾರ್ವಸ್ ಅನ್ನೋ ಹೆಸರಲ್ಲಿ ಜಿಮ್ಮಿ ಡ್ರೇಕ್ ಹಾಡಿದ್ದು, ಕಾರು ಗುದ್ದೋ ಸದ್ದೆಲ್ಲ ಅದರಲ್ಲಿದೆ. ಇಂಥದ್ದನ್ನ ಹಾಕೋಕೆ ತಲೆ ಕೆಟ್ಟಿರಬೇಕು ಅಂತ ಸ್ಟೇಷನ್ನಿನವರೊಬ್ಬರು ಅಂದರಂತೆ. ಆ ಮಾತಿನಿಂದಲೇ ‘ಡಾಕ್ಟರ್ ಡಿಮೆಂಟೋ’ ಅನ್ನೋ ಹೆಸರು ಹುಟ್ಟಿತು. ಅವರ ಕಾರ್ಯಕ್ರಮ ದಶಕಗಳ ಕಾಲ ನಡೀತು. ಅಣಕು ಹಾಡುಗಾರ ‘ವಿಯರ್ಡ್ ಆಲ್’ ಯಾಂಕೊವಿಕ್ ಮೊದಲು ಬೆಳಕಿಗೆ ಬಂದದ್ದೂ ಅಲ್ಲೇ.

ಆ ಗಾಳಿ ನಮ್ಮ ಬೊಂಬಾಯಿಗೂ ಬೀಸಿತ್ತು. ಸಿ. ರಾಮಚಂದ್ರ ಸಂಗೀತದ ‘ಈನಾ ಮೀನಾ ಡೀಕಾ’ 1957ರದ್ದು. ಅರ್ಥವಿಲ್ಲದ ಪದ, ರಾಕ್ ಅಂಡ್ ರೋಲ್ ತಾಳ, ಕಿಶೋರ್ ಕುಮಾರ್ ಗಂಟಲು. ಅದು ಉಳಿಯಿತು, ಯಾಕಂದ್ರೆ ಅದನ್ನ ಹೊತ್ತು ತರೋಕೆ ‘ಆಶಾ’ ಅನ್ನೋ ಸಿನಿಮಾ ಇತ್ತು. ಎಷ್ಟೋ ತಮಾಷೆ ರೆಕಾರ್ಡ್‌ಗಳಿಗೆ ಆ ಭಾಗ್ಯ ಇರಲಿಲ್ಲ.

ಅದಕ್ಕೇ ಒಂದು ಮಾತು. ಮನೆಯ ಅಟ್ಟದಲ್ಲೋ ಚೋರ್ ಬಜಾರಿನಲ್ಲೋ ಹೆಸರೇ ಕೇಳದ ಹಳೇ ರೆಕಾರ್ಡ್ ಸಿಕ್ಕರೆ ರದ್ದಿಗೆ ಹಾಕೋ ಮುಂಚೆ ಒಂದು ಸಲ ಕೇಳಿ. ಲೇಬಲ್ಲಿನ ಫೋಟೋ ತೆಗೆದಿಡಿ. ಲೇಬಲ್ ಸುತ್ತಲಿನ ಖಾಲಿ ಜಾಗದಲ್ಲಿ ಕೊರೆದಿರೋ ನಂಬರನ್ನ ಬರೆದುಕೊಳ್ಳಿ; ಯಾವ ಮುದ್ರಣ ಅಂತ ಹುಡುಕೋಕೆ ಅದೇ ಸುಳಿವು. ದೊಡ್ಡ ಗಾಯಕರನ್ನ ಕಂಪನಿಗಳು ಕಾಯ್ತವೆ. ತಮಾಷೆಯವರನ್ನ ಕಾಯೋದು ನಾವೇ.