ಜುಲೈನಲ್ಲಿ ಕುಂಟೆಬಿಲ್ಲೆ
ದುಬೈನ ಜುಲೈ ಮಧ್ಯಾಹ್ನ. ಹೊರಗೆ 40 ಡಿಗ್ರಿ ದಾಟಿದೆ, ಪಾರ್ಕಿನ ಜಾರುಬಂಡೆ ಮುಟ್ಟಿದ್ರೆ ಕೈ ಸುಡುತ್ತೆ. ನಾಲ್ಕು ವರ್ಷದ ಮಗಳು ಸೋಫಾದಿಂದ ಧುಮುಕ್ತಾಳೆ, ಕೆಳಗಿನ ಮನೆಯವರು ಫೋನ್ ಮಾಡ್ತಾರೆ, ನಾನು ಅವಳ ಕೈಗೆ ಟ್ಯಾಬ್ ಕೊಡ್ತೀನಿ. ಜೀವವಿಜ್ಞಾನದಲ್ಲಿ ಡಾಕ್ಟರೇಟ್ ಬೇರೆ!

ಪುಟ್ಟ ಮಕ್ಕಳಿಗೆ ತೂಕಕ್ಕೆ ಹೋಲಿಸಿದರೆ ಚರ್ಮದ ವಿಸ್ತೀರ್ಣ ಹೆಚ್ಚು, ಬೆವರೋದು ಕಡಿಮೆ. ಗಾಳಿ ಚರ್ಮಕ್ಕಿಂತ ಬಿಸಿಯಾದಾಗ ಶಾಖ ಹೊರಗಿನಿಂದ ಒಳಗೇ ಬರುತ್ತೆ. ಹಾಗಾಗಿ ಈ ಹೊತ್ತಲ್ಲಿ ಮನೆಯೊಳಗಿರೋದೇ ಸರಿ, ಸುಮ್ಮನೆ ಕೂರಿಸೋದು ಸರಿಯಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿ ಪ್ರಕಾರ 3–4 ವರ್ಷದ ಮಕ್ಕಳು ದಿನಕ್ಕೆ 180 ನಿಮಿಷ ಮೈ ಆಡಿಸಬೇಕು. ಅದರಲ್ಲಿ 60 ನಿಮಿಷವಾದರೂ ಸ್ವಲ್ಪ ಜೋರಾಗಿಯೇ. ಕೂತು ಸ್ಕ್ರೀನ್ ನೋಡೋದು 1 ಗಂಟೆ ಮೀರಬಾರದು.

ಮೂರು ಗಂಟೆ ಅಂದ ಕೂಡಲೇ ನಾವು ಈಜು ಕ್ಲಾಸಿನ ಫೀಸು ಹುಡುಕ್ತೀವಿ, ಅಲ್ವಾ? ಆದರೆ 1995ರಲ್ಲಿ ಅಮೆರಿಕದ ಸಂಶೋಧಕರು 6ರಿಂದ 10 ವರ್ಷದ ಮಕ್ಕಳ ಆಟವನ್ನು ಸೆಕೆಂಡುಗಳ ಲೆಕ್ಕದಲ್ಲಿ ಗಮನಿಸಿದ್ರು. ಜೋರಾದ ಓಟ, ಜಿಗಿತಗಳಲ್ಲಿ ಶೇ. 95ರಷ್ಟು 15 ಸೆಕೆಂಡಿನೊಳಗೇ ಮುಗಿದಿದ್ದವು. ಮಕ್ಕಳ ಮೈ ಆಡೋದೇ ಹಾಗೆ: ಒಂದು ಜಿಗಿತ, ಒಂದು ನಿಲುಗಡೆ, ಮತ್ತೆ ಓಟ. 180 ನಿಮಿಷ ದಿನವಿಡೀ ಚಿಲ್ಲರೆಯಾಗಿ ಕೂಡಿಕೊಳ್ಳುತ್ತೆ. ಸೋಫಾದ ಧುಮುಕಾಟವೂ ಆ ಲೆಕ್ಕದಲ್ಲೇ ಇದೆ.

ಈಗ ಹಾಲಿನ ನೆಲಕ್ಕೆ ಟೇಪ್ ಅಂಟಿಸಿ ಕುಂಟೆಬಿಲ್ಲೆ ಮನೆ ಮಾಡಿದ್ದೀವಿ, ಅಡಿಗೆ ಫೋಮ್ ಮ್ಯಾಟ್. ಬಾಟಲಿ ಮುಚ್ಚಳವೇ ಬಿಲ್ಲೆ. ಶಿವಮೊಗ್ಗದಿಂದ ಅಜ್ಜಿ ವಿಡಿಯೋ ಕಾಲ್‌ನಲ್ಲಿ "ಗೆರೆ ತುಳಿದೆ, ಔಟು!" ಅಂತಾರೆ.

ಕೆಳಗಿನ ಮನೆಯವರನ್ನೂ ಕೇಳಿದೆ. ಸಂಜೆ ಐದರಿಂದ ಆರು ಅವರು ಮನೇಲಿ ಇರಲ್ವಂತೆ.