‘ಅಲ್ಲಿಗೇಕೆ ಹೋಗಿದ್ದೆ?’ ಎಂದು ಕೇಳುವ ಮೊದಲು

ಭಾನುವಾರದ ಸಂಜೆ ಗುಂಡ್ಲುಪೇಟೆಯ ಬಸ್ ನಿಲ್ದಾಣದಲ್ಲಿ ಅರ್ಧ ಗಂಟೆ ನಿಂತವರಿಗೆ ನಮ್ಮ ಕುಟುಂಬಗಳಲ್ಲಿ ಆಗಿರುವ ಬದಲಾವಣೆಯನ್ನು ಬೇರೆ ಯಾರೂ ವಿವರಿಸಬೇಕಾಗಿಲ್ಲ. ಹೆಗಲಿಗೆ ಚೀಲ, ಕೈಯಲ್ಲಿ ಅವ್ವ ಕಟ್ಟಿಕೊಟ್ಟ ಬುತ್ತಿ, ಹಣೆಯಲ್ಲಿ ಇನ್ನೂ ಮಾಸದ ವಿಭೂತಿ. ಮೈಸೂರಿಗೂ ಬೆಂಗಳೂರಿಗೂ ಕೆಲಸಕ್ಕೆ ಮರಳುವ ಹೆಣ್ಣುಮಕ್ಕಳು ಸಾಲಾಗಿ ನಿಂತಿರುತ್ತಾರೆ. ಇವರ ಅಜ್ಜಿಯರು ನಂಜನಗೂಡಿನ ಜಾತ್ರೆಗೆ ಹೋಗುವುದಕ್ಕೂ ಮನೆಯ ಹಿರಿಯರ ಅಪ್ಪಣೆಗೆ ಕಾದವರು. ಮೊಮ್ಮಕ್ಕಳು ಸಂಬಳ ತಂದು ತಮ್ಮಂದಿರ ಶುಲ್ಕ ಕಟ್ಟುತ್ತಿದ್ದಾರೆ. ಇದು ನಮಗೆ ಹೆಮ್ಮೆಯ ಸಂಗತಿ.

ಈ ಹೆಮ್ಮೆಯ ಹಿಂದೆ ಅಡಗಿರುವ ಒಂದು ಮೌನವನ್ನು ಕುರಿತು ಈ ಬಾರಿ ಬರೆಯಬೇಕಾಗಿದೆ.

ತಾಲ್ಲೂಕಿನ ಒಂದು ಗ್ರಾಮದ ಸಮಾಜ ಬಾಂಧವರ ಮನೆಗೆ ನಾವು ಹೋಗಿದ್ದಾಗ ತಾಯಿಯೊಬ್ಬರು ಅಡುಗೆಮನೆಯಲ್ಲಿ ದನಿ ತಗ್ಗಿಸಿ ಹೇಳಿದ ವಿಷಯವಿದು. ಅವರ ಮಗಳು ಎಂಜಿನಿಯರಿಂಗ್ ಓದಿ ಬೆಂಗಳೂರಿನ ಒಂದು ಕಂಪನಿಯಲ್ಲಿದ್ದಾಳೆ. ಕೈಗೊಂಡ ಕೆಲಸವೊಂದು ಮುಗಿದ ಸಂತೋಷಕ್ಕೆ ಕಚೇರಿಯವರು ಎಲ್ಲರನ್ನೂ ಒಂದು ಪಬ್ಬಿಗೆ ಕರೆದೊಯ್ದರು. ಆಕೆ ಹಣ್ಣಿನ ರಸ ಕುಡಿಯುತ್ತ ಗೆಳತಿಯರೊಡನೆ ಕುಳಿತಿದ್ದಳು. ಹಿರಿಯ ಸಹೋದ್ಯೋಗಿಯೊಬ್ಬ ಕುಣಿಯಲು ಬಾ ಎಂದು ಕೈ ಹಿಡಿದೆಳೆದ. ಬೇಡವೆಂದಳು. ಸ್ವಲ್ಪ ಹೊತ್ತಿನ ನಂತರ ಮತ್ತೆ ಬಂದು ಸೊಂಟಕ್ಕೆ ಕೈ ಹಾಕಿದ. ಎದ್ದು ಹೊರಗೆ ಬಂದರೆ ಕಾರಿನವರೆಗೂ ಹಿಂಬಾಲಿಸಿದ. ಮರುದಿನ ಕಚೇರಿಯಲ್ಲಿ, ತಮಾಷೆಯನ್ನು ದೊಡ್ಡದು ಮಾಡಬಾರದೆಂದು ತಾನೇ ಬುದ್ಧಿ ಹೇಳಿದ.

ಮಗಳು ಊರಿಗೆ ಬಂದು ಅತ್ತಳು. ತಂದೆಯ ಬಾಯಿಂದ ಬಂದ ಮೊದಲ ಮಾತು: “ಅಲ್ಲಿಗ್ಯಾಕೆ ಹೋಗಿದ್ದವ್ವಾ ನೀನು?” ಎರಡನೆಯ ಮಾತು ಅದಕ್ಕಿಂತ ಭಾರವಾದದ್ದು: “ಸಂಬಂಧ ನೋಡ್ತಾ ಇದ್ದೀವಿ. ಈ ಮಾತು ಹೊಸಿಲು ದಾಟಬಾರದು.”

ಆ ತಂದೆ ಕೆಟ್ಟವರಲ್ಲ. ಜಮೀನು ಅಡವಿಟ್ಟು ಮಗಳನ್ನು ಓದಿಸಿದವರು. ನಮ್ಮಲ್ಲಿ ಅನೇಕರು ಅವರ ಸ್ಥಾನದಲ್ಲಿದ್ದರೆ ಇದನ್ನೇ ಹೇಳುತ್ತಿದ್ದೆವೇನೋ. ಆದರೆ ಆ ಎರಡು ವಾಕ್ಯಗಳಿಂದ ಲಾಭವಾದದ್ದು ಮಗಳಿಗಲ್ಲ, ಮಾನಕ್ಕಲ್ಲ, ಕೈ ಹಾಕಿದವನಿಗೆ ಮಾತ್ರ ಎಂಬುದನ್ನು ಯೋಚಿಸಿ ನೋಡಬೇಕು.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸುತ್ತೇವೆ. ಮದ್ಯಪಾನದ ಬಗ್ಗೆ ಈ ಪತ್ರಿಕೆಯ ಓದುಗರ ಅಭಿಪ್ರಾಯವೇನೆಂದು ನಮಗೆ ಗೊತ್ತು, ನಮ್ಮದೂ ಅದೇ. ಆದರೆ ಕುಡಿತವು ತಪ್ಪೋ ಸರಿಯೋ ಎಂಬುದು ಒಂದು ಪ್ರಶ್ನೆ, ಬೇಡವೆಂದ ಹೆಣ್ಣಿನ ಮೈ ಮುಟ್ಟಬಹುದೇ ಎಂಬುದು ಇನ್ನೊಂದು. ಎರಡನೆಯದಕ್ಕೆ ಉತ್ತರ ಪಬ್ಬಿನಲ್ಲೂ ಒಂದೇ, ಪೂಜಾಗೃಹದಲ್ಲೂ ಒಂದೇ. ಚಾಮರಾಜೇಶ್ವರನ ಆಷಾಢದ ರಥೋತ್ಸವಕ್ಕೆ ನವದಂಪತಿಗಳು ಕಿಕ್ಕಿರಿದು ಸೇರುತ್ತಾರಷ್ಟೆ. ಅಂತಹ ಪುಣ್ಯಸ್ಥಳದ ನೂಕುನುಗ್ಗಲಿನಲ್ಲೂ ಸೆರಗಿನ ಪಿನ್ನನ್ನು ಬೆರಳ ತುದಿಯಲ್ಲಿ ಸಿದ್ಧವಾಗಿ ಹಿಡಿದು ನಡೆಯುವುದನ್ನು ನಮ್ಮ ತಾಯಂದಿರು ಯಾವ ಪಬ್ಬಿನಲ್ಲಿ ಕಲಿತರು?

ಕಾವಲಿನ ಹೆಸರಿನಲ್ಲಿ

1980ರ ದಶಕದ ಕೊನೆಯಿಂದ ಬೆಂಗಳೂರಿಗೆ ಪಬ್ಬುಗಳ ನಗರವೆಂಬ ಹೆಸರು ಅಂಟಿಕೊಂಡಿತು. ನಮ್ಮ ಊರುಗಳಲ್ಲಿ ಇರುವುದು ಬಾರ್ ಅಂಡ್ ರೆಸ್ಟೋರೆಂಟ್. ಪರದೆ ಇಳಿಬಿಟ್ಟ ‘ಫ್ಯಾಮಿಲಿ ರೂಮ್’ ಇದ್ದರೂ ಮರ್ಯಾದಸ್ಥ ಹೆಂಗಸರು ಅತ್ತ ತಿರುಗಿ ನೋಡುವುದಿಲ್ಲ. ಹೀಗಾಗಿ ಪಾನಗೃಹಕ್ಕೆ ಹೋದ ಹೆಣ್ಣು ಎಂದರೆ ಮರ್ಯಾದೆ ಬಿಟ್ಟವಳು ಎಂಬ ಲೆಕ್ಕ ನಮ್ಮ ಮನಸ್ಸಿನಲ್ಲಿ ಬೇರೂರಿದೆ. ಈ ಲೆಕ್ಕ ಎಲ್ಲಿಗೆ ಒಯ್ಯುತ್ತದೆಂಬುದನ್ನು 2009ರ ಜನವರಿ 24ರಂದು ಮಂಗಳೂರಿನಲ್ಲಿ ಕಂಡೆವು. ಸಂಸ್ಕೃತಿ ರಕ್ಷಣೆಯ ಹೆಸರು ಹೇಳಿಕೊಂಡ ಗುಂಪೊಂದು ಪಬ್ಬಿಗೆ ನುಗ್ಗಿ ಯುವತಿಯರನ್ನು ಹೊಡೆದು, ಎಳೆದಾಡಿ, ಕೆಳಗೆ ಬೀಳಿಸಿದ್ದನ್ನು ದೇಶವೆಲ್ಲ ದೂರದರ್ಶನದ ಪರದೆಗಳಲ್ಲಿ ನೋಡಿತು. 2018ರ ಮಾರ್ಚಿಯಲ್ಲಿ ನ್ಯಾಯಾಲಯವು ಸಾಕ್ಷ್ಯಾಧಾರಗಳ ಕೊರತೆಯಿಂದ ಆರೋಪಿಗಳನ್ನು ಬಿಡುಗಡೆ ಮಾಡಿತು. ಪಬ್ಬಿನೊಳಗೆ ಮೈಮೇಲೆ ಬೀಳುವವನಿಗೂ ಹೊರಗಿನಿಂದ ಬಂದು ಹೊಡೆಯುವವನಿಗೂ ನಮಗೆ ಬಹಳ ವ್ಯತ್ಯಾಸ ಕಾಣುವುದಿಲ್ಲ. ಇಬ್ಬರೂ ಆಕೆಯನ್ನು ಕೇಳುವುದಿಲ್ಲ.

2016ರ ಡಿಸೆಂಬರ್ 31ರ ರಾತ್ರಿ ಬೆಂಗಳೂರಿನ ಎಂ.ಜಿ. ರಸ್ತೆ ಮತ್ತು ಬ್ರಿಗೇಡ್ ರಸ್ತೆಗಳಲ್ಲಿ ಹೊಸ ವರ್ಷಾಚರಣೆಗೆ ಸೇರಿದ ಜನಜಂಗುಳಿಯಲ್ಲಿ ಮಹಿಳೆಯರ ಮೇಲೆ ಕೈಮಾಡಿದ ಪ್ರಸಂಗ ಇನ್ನೊಂದು. ಸುಮಾರು 1,500 ಪೊಲೀಸರ ನಿಯೋಜನೆಯಿದ್ದೂ ಅದು ನಡೆಯಿತು. ಆಗಲೂ ಜವಾಬ್ದಾರಿ ಸ್ಥಾನದಲ್ಲಿದ್ದವರು ಮೊದಲು ಮಾತನಾಡಿದ್ದು ಯುವತಿಯರ ಉಡುಪನ್ನು ಕುರಿತು. ಗುಂಡ್ಲುಪೇಟೆಯ ತಂದೆ ಕೇಳಿದ ಪ್ರಶ್ನೆಯೇ ವಿಧಾನಸೌಧದಿಂದಲೂ ಬಂದಿತೆನ್ನಬೇಕು.

ಓದು, ಅಧಿಕಾರ, ಅಂತಸ್ತು ಇದ್ದರೆ ಇಂತಹ ಅವಮಾನ ತಟ್ಟದು ಎಂದು ಭಾವಿಸುವವರು ಚಂಡೀಗಢದ ಪ್ರಕರಣವನ್ನು ನೆನೆಯಬೇಕು. 1988ರ ಜುಲೈನಲ್ಲಿ ಗಣ್ಯರ ಔತಣಕೂಟವೊಂದರಲ್ಲಿ ಹಿರಿಯ ಐ.ಎ.ಎಸ್. ಅಧಿಕಾರಿ ರೂಪನ್ ದೇವಲ್ ಬಜಾಜ್ ಅವರೊಂದಿಗೆ ಪಂಜಾಬಿನ ಪೊಲೀಸ್ ಮುಖ್ಯಸ್ಥ ಕೆ.ಪಿ.ಎಸ್. ಗಿಲ್ ಅನುಚಿತವಾಗಿ ವರ್ತಿಸಿ ಮೈ ಮುಟ್ಟಿದರು. ಇಷ್ಟು ಚಿಕ್ಕದಕ್ಕೆ ಇಷ್ಟು ದೊಡ್ಡವರ ಮೇಲೆ ದೂರೇ ಎಂದು ಅಂದು ಹೇಳಿದವರು ಬಹಳ ಮಂದಿ. ಆಕೆ ಹಿಂದೆ ಸರಿಯಲಿಲ್ಲ. ರದ್ದಾಗಿದ್ದ ದೂರಿಗೆ 1995ರಲ್ಲಿ ಸರ್ವೋಚ್ಚ ನ್ಯಾಯಾಲಯ ಮರುಜೀವ ನೀಡಿತು. 1996ರಲ್ಲಿ ಕೆಳ ನ್ಯಾಯಾಲಯ ಅಪರಾಧ ಸಾಬೀತೆಂದಿತು. 2005ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಹದಿನೇಳು ವರ್ಷಗಳು! ಐ.ಎ.ಎಸ್. ಅಧಿಕಾರಿಗೇ ಇಷ್ಟು ಕಾಲ ಹಿಡಿದರೆ ನಮ್ಮ ಮಕ್ಕಳ ಪಾಡೇನು ಎಂದು ಓದುಗರು ಕೇಳಬಹುದು. ಆದರೆ ಆ ಬಳಿಕ ಕಾನೂನು ಸಾಕಷ್ಟು ಬದಲಾಗಿದೆ.

ಕಾನೂನು ಏನೆನ್ನುತ್ತದೆ?

ಸಮ್ಮತಿ ಎಂದರೇನೆಂಬ ವಿವರಣೆ 2013ರ ತಿದ್ದುಪಡಿಯಿಂದ ನಮ್ಮ ದಂಡಸಂಹಿತೆಯ ಅತ್ಯಾಚಾರದ ಕಲಮಿಗೆ ಸೇರಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 63ನೆಯ ಕಲಮಿನಲ್ಲೂ ಉಳಿದಿದೆ. ಅದರ ತಾತ್ಪರ್ಯವಿಷ್ಟು: ಒಪ್ಪಿಗೆಯು ಸ್ವಇಚ್ಛೆಯದಾಗಿರಬೇಕು, ಸಂದೇಹಕ್ಕೆ ಎಡೆಯಿಲ್ಲದಂತಿರಬೇಕು, ಹೆಣ್ಣು ಎದುರಿಸಿ ಹೋರಾಡಲಿಲ್ಲ ಎಂದ ಮಾತ್ರಕ್ಕೆ ಒಪ್ಪಿದಳೆಂದು ತಿಳಿಯತಕ್ಕದ್ದಲ್ಲ, ಅಮಲಿನಿಂದಾಗಿ ತಾನು ಯಾವುದಕ್ಕೆ ಒಪ್ಪುತ್ತಿದ್ದೇನೆಂಬ ಅರಿವಿಲ್ಲದವಳ ‘ಹೂಂ’ ಒಪ್ಪಿಗೆಯೇ ಅಲ್ಲ. ಮದ್ಯದಂಗಡಿಗಳ ಗೋಡೆಯ ಮೇಲೆ ಧೂಮಪಾನ ನಿಷೇಧದ ಫಲಕದ ಪಕ್ಕದಲ್ಲಿ ಈ ಕೊನೆಯ ಮಾತನ್ನೂ ಬರೆಸಬಹುದಾಗಿತ್ತು.

ಬೇಡದ ದೈಹಿಕ ಸಂಪರ್ಕ ಮತ್ತು ಲೈಂಗಿಕ ಪ್ರಸ್ತಾಪಗಳಿಗೆ ಇದೇ ಸಂಹಿತೆಯ 75ನೆಯ ಕಲಮಿನಡಿ 3 ವರ್ಷಗಳವರೆಗೆ ಸೆರೆವಾಸವಿದೆ. ಆಸಕ್ತಿಯಿಲ್ಲವೆಂದು ಸ್ಪಷ್ಟಪಡಿಸಿದ ಮೇಲೂ ಮತ್ತೆ ಮತ್ತೆ ಹಿಂಬಾಲಿಸುವುದು 78ನೆಯ ಕಲಮಿನ ಅಪರಾಧ. ನಮ್ಮ ಚಲನಚಿತ್ರಗಳಲ್ಲಿ ನಾಯಕನು ನಾಯಕಿಯ ಹಿಂದೆ ಮೂರು ಹಾಡುಗಳ ಕಾಲ ಅಲೆದು ಕೊನೆಗೆ ಒಲಿಸಿಕೊಳ್ಳುತ್ತಾನಲ್ಲ, ಕಾನೂನಿನ ಕಣ್ಣಿನಲ್ಲಿ ಅದರ ಹೆಸರು ಇದು.

ನಮ್ಮ ಪೋಷಕರಿಗೆ ಮುಖ್ಯವಾಗಿ ತಿಳಿದಿರಬೇಕಾದುದು ಕೆಲಸದ ಸ್ಥಳದ ಲೈಂಗಿಕ ಕಿರುಕುಳ ತಡೆಗೆ 2013ರಲ್ಲಿ ಬಂದ ಅಧಿನಿಯಮ. ಉದ್ಯೋಗದ ನಿಮಿತ್ತ ಹೋದ ಯಾವುದೇ ಜಾಗ, ಮಾಲೀಕರು ಒದಗಿಸಿದ ವಾಹನವೂ ಸೇರಿ, ಅದರ ಪ್ರಕಾರ ಕೆಲಸದ ಸ್ಥಳವೇ. ಕಚೇರಿಯ ಔತಣ ಪಬ್ಬಿನಲ್ಲಿ ನಡೆದರೆ ಆ ಹೊತ್ತಿಗೆ ಆ ಪಬ್ಬೂ ಕಚೇರಿಯೇ. ಹತ್ತು ಅಥವಾ ಹೆಚ್ಚು ಮಂದಿ ದುಡಿಯುವೆಡೆ ಆಂತರಿಕ ಸಮಿತಿ ಇರಲೇಬೇಕು. ಘಟನೆಯಾದ 3 ತಿಂಗಳೊಳಗೆ ಲಿಖಿತ ದೂರು ಕೊಡಬೇಕು. ವಿಚಾರಣೆ 90 ದಿನಗಳಲ್ಲಿ ಮುಗಿಯಬೇಕು. ದೂರುದಾರಳ ಹೆಸರನ್ನಾಗಲಿ ದೂರಿನ ವಿವರವನ್ನಾಗಲಿ ಬಹಿರಂಗಪಡಿಸುವಂತಿಲ್ಲ. ಸಂಬಂಧ ನೋಡುತ್ತಿರುವ ತಂದೆತಾಯಿಗಳು ಈ ಕೊನೆಯ ಸಾಲನ್ನು ಇನ್ನೊಮ್ಮೆ ಓದಬೇಕೆಂದು ಕೋರುತ್ತೇವೆ.

ಈ ಕಾನೂನು ಬೆಂಗಳೂರಿಗೆ ಮಾತ್ರ ಸೇರಿದ್ದಲ್ಲ. ಬಂಡೀಪುರದ ಕಾಡಿನ ಹೆದ್ದಾರಿಗಳಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧವಿದೆ. ಊಟಿಗೂ ವಯನಾಡಿಗೂ ಹೊರಟವರು ಇತ್ತಲೇ ತಂಗುತ್ತಾರೆ. ಹೋಟೆಲು, ಡಾಬಾ, ರೆಸಾರ್ಟುಗಳಿವೆ. ಅವುಗಳಲ್ಲಿ ಕೋಣೆ ಗುಡಿಸುವ, ಊಟ ಬಡಿಸುವ ಕೆಲಸಕ್ಕೆ ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳು ಹೋಗುತ್ತಾರೆ. ಕುಡಿದ ಅತಿಥಿ ಕೈ ಹಿಡಿದರೆ ‘ಗಿರಾಕಿ, ಸಹಿಸಿಕೋ’ ಎನ್ನುವ ಮಾಲೀಕನೂ ಕಾನೂನಿಗೆ ಉತ್ತರ ಹೇಳಬೇಕಾದವನೇ. ಹತ್ತಕ್ಕಿಂತ ಕಡಿಮೆ ಜನರಿರುವ ಅಂಗಡಿಯಾದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಪೊಲೀಸ್ ದೂರನ್ನು ಘಟನೆ ನಡೆದ ಊರಿನಲ್ಲೇ ಕೊಡಬೇಕೆಂದೂ ಇಲ್ಲ. ಬೆಂಗಳೂರಿನಲ್ಲಿ ಆದದ್ದಕ್ಕೆ ಚಾಮರಾಜನಗರದ ಠಾಣೆಯಲ್ಲೂ ದಾಖಲಿಸಬಹುದು; ಮಹಿಳಾ ಅಧಿಕಾರಿಯೇ ಅದನ್ನು ಬರೆದುಕೊಳ್ಳಬೇಕು. ತುರ್ತಿಗೆ 112, ಮಹಿಳಾ ಸಹಾಯವಾಣಿಗೆ 181.

ಪಾನಗೃಹಗಳೇ ಹೊಣೆ ಹೊತ್ತ ಉದಾಹರಣೆಗಳೂ ಪರದೇಶಗಳಲ್ಲಿವೆ. ಇಂಗ್ಲೆಂಡಿನ ಲಿಂಕನ್‌ಶೈರಿನಲ್ಲಿ 2016ರಲ್ಲಿ ಒಂದು ಉಪಾಯ ಆರಂಭವಾಯಿತು. ಜೊತೆಗಿರುವವನಿಂದ ಅಂಜಿಕೆಯಾದರೆ ಯುವತಿಯು ಗಲ್ಲಾದ ಬಳಿ ಹೋಗಿ ‘ಏಂಜೆಲಾ ಇದ್ದಾರೆಯೇ?’ ಎಂದು ಕೇಳಿದರೆ ಸಾಕು. ಸಿಬ್ಬಂದಿ ಗದ್ದಲವಿಲ್ಲದೆ ಆಕೆಯನ್ನು ಬೇರೆಡೆಗೆ ಕರೆದೊಯ್ದು ವಾಹನ ತರಿಸಿಕೊಡುತ್ತಾರೆ. ಸ್ಪೇನಿನ ಬಾರ್ಸಿಲೋನಾ ನಗರವು 2018ರಲ್ಲಿ ರಾತ್ರಿ ವಿಹಾರದ ಸ್ಥಳಗಳ ಸಿಬ್ಬಂದಿಗೆ, ನೊಂದವಳ ಕಡೆಗೆ ಮೊದಲ ಗಮನ, ಹಿಡಿದು ಕೇಳುವುದು ಆಮೇಲೆ ಎಂಬ ಕ್ರಮವನ್ನು ಕಲಿಸಿತು. ನಮ್ಮ ಮನೆಗಳೂ ಅನುಸರಿಸಬಹುದಾದ ಕ್ರಮವಿದು.

ಇನ್ನು ಗಂಡುಮಕ್ಕಳ ವಿಷಯ. ಹರಿಹರನ ರಗಳೆಯಲ್ಲಿ ಮಹಾದೇವಿಯಕ್ಕ ಕೌಶಿಕನಿಗೆ ಷರತ್ತುಗಳನ್ನು ಹಾಕಿಯೇ ಅರಮನೆಗೆ ಹೋದಳು. ಅವನು ಅವನ್ನು ಮೀರಿದಾಗ ಹೊರಟುಬಂದಳು. ಒಮ್ಮೆ ಒಪ್ಪಿದ್ದು ಎಂದೆಂದಿಗೂ ಒಪ್ಪಿದಂತಲ್ಲವೆಂಬುದನ್ನು ತಿಳಿಯಲು ನಮಗೆ ಬೇರೆ ದೇಶದ ಗ್ರಂಥ ಬೇಕಾಗಿಲ್ಲ. ಅಕ್ಕನ ಜಯಂತಿಯಂದು ಭಾಷಣ ಕೇಳಿ ಬಂದ ಎಷ್ಟು ಮನೆಗಳಲ್ಲಿ ಮಗನನ್ನು ಕೂರಿಸಿಕೊಂಡು ಈ ಕಥೆಯ ಈ ಭಾಗವನ್ನು ಹೇಳಿದ್ದೇವೆ? ನಮ್ಮ ವಧೂವರರ ಅಂಕಣವನ್ನೇ ನೋಡಿದರೆ ‘ಸೌಮ್ಯ ಸ್ವಭಾವದ ಕನ್ಯೆ ಬೇಕಾಗಿದೆ’ ಎಂದು ತಿಂಗಳು ತಿಂಗಳೂ ಅಚ್ಚಾಗುತ್ತದೆ. ವರನ ಸ್ವಭಾವದ ಬಗ್ಗೆ ಸಂಬಳದಾಚೆಗೆ ಒಂದು ಪದವೂ ಇರುವುದಿಲ್ಲ.

ಆ ಗ್ರಾಮದ ತಾಯಿ ಸುಮ್ಮನಿರಲಿಲ್ಲ. ಮೂರು ದಿನ ಗಂಡನೊಡನೆ ಮಾತು ಬಿಟ್ಟರು. ನಾಲ್ಕನೆಯ ದಿನ ಮಗಳಿಗೆ ಫೋನು ಮಾಡಿ, ಬರೆದುಕೊಡು ಎಂದರು. ಮಗಳು ಕಂಪನಿಯ ಸಮಿತಿಗೆ ದೂರು ಕೊಟ್ಟಳು. ಇಬ್ಬರು ಗೆಳತಿಯರು ಸಾಕ್ಷಿ ಹೇಳಲು ಒಪ್ಪಿದರು. ವಿಚಾರಣೆಯ ದಿನ ತಂದೆ ಯಾರಿಗೂ ಹೇಳದೆ ನಸುಕಿನ ಬಸ್ಸು ಹತ್ತಿ ಬೆಂಗಳೂರಿಗೆ ಹೋದರು. ಒಳಗೆ ಬಿಡಲಿಲ್ಲವಾದ್ದರಿಂದ ಎದುರಿನ ಟೀ ಅಂಗಡಿಯಲ್ಲಿ ಮಧ್ಯಾಹ್ನದವರೆಗೂ ಕುಳಿತಿದ್ದರಂತೆ. ಮಗಳು ಹೊರಗೆ ಬಂದಾಗ ಏನಾಯಿತೆಂದು ಕೇಳಲಿಲ್ಲ. “ಊಟ ಮಾಡುವ ಬಾರವ್ವ” ಎಂದರಂತೆ.